ಬಿಟ್ಟಿ ಅನ್ನೋ ಮೊದಲು ಒಂದು ಲೆಕ್ಕ ಹಾಕೋಣ

ಕಳೆದ ಗುರುವಾರ ಬೆಳಿಗ್ಗೆ ಆರಕ್ಕೂ ಮುಂಚೆ ಊರಿಂದ ಒಂದು ವಾಯ್ಸ್ ಮೆಸೇಜ್ ಬಂತು. ಚಿಕ್ಕಪ್ಪನ ಮಗನದ್ದು. ವಯಸ್ಸು ಇಪ್ಪತ್ತಾರು, ಡಿಪ್ಲೊಮಾ ಓದಿ ಎರಡು ವರ್ಷ ಕಾರ್ಖಾನೆಯಲ್ಲಿ ದುಡಿದು, ಅದು ಒಗ್ಗದೆ ಊರಿಗೆ ವಾಪಸ್ ಹೋಗಿ ಬೇಸಾಯ ಹಿಡಿದವನು. ನಮ್ಮ ಎರಡು ಎಕರೆ, ಅವರ ಎರಡು ಎಕರೆ, ಎರಡನ್ನೂ ಅವನೇ ನೋಡ್ಕೋತಾನೆ. ಸಂಭಾವಿತ ಹುಡುಗ. ಅವತ್ತು ಮಾತ್ರ ಕೆಂಡವಾಗಿದ್ದ.

"ಅಣ್ಣ, ರಾಗೀಲಿ ಕಳೆ ಮೊಣಕಾಲುದ್ದ ಬಂದದೆ. ಮೂರು ದಿನದಿಂದ ಮನೆ ಮನೆ ತಿರುಗ್ತಾವ್ನಿ, ಒಬ್ರೂ ಬರ್ತಿಲ್ಲ. ಬರ್ತಾರೆ ಯಾಕೆ? ಅಕ್ಕಿ ಬಿಟ್ಟಿ, ಬಸ್ಸು ಬಿಟ್ಟಿ, ಕರೆಂಟ್ ಬಿಟ್ಟಿ, ಮೇಲೆ ಎರಡು ಸಾವಿರ ಕೈಗೆ. ತಿಂದ್ಕೊಂಡು ಮಲೀಕಂಡವ್ರೆ. ನೀನು ಬರೀತೀಯಲ್ಲ, ಇದನ್ನ ಬರಿ."

ಬರೀತಿದ್ದೀನಿ. ಅವನು ಹೇಳಿದ ಹಾಗೇ ಬರೆಯೋಕೆ ಆಗ್ತಿಲ್ಲ, ಅಷ್ಟೇ.

ನಾನಿರೋದು ಮೈಸೂರು ರಸ್ತೆಯ ದೀಪಾಂಜಲಿ ನಗರದಲ್ಲಿ, ಬಾಡಿಗೆ ಮನೆ. ಮನೆಯಿಂದ ನಡೆದರೆ ಮೆಟ್ರೋ ನಿಲ್ದಾಣ, ಈ ಕಡೆ ಬಿಎಂಟಿಸಿ ಡಿಪೋ. ಬೆಳಿಗ್ಗೆ ಏಳರ ಹೊತ್ತಿಗೆ ರಸ್ತೆ ಬದಿ ನಿಂತು ನೋಡಿದರೆ ರಾಮನಗರ, ಚನ್ನಪಟ್ಟಣ, ಬಿಡದಿ ಕಡೆಯಿಂದ ಬರೋ ಬಸ್ಸುಗಳಿಂದ ಹೆಂಗಸರು ಸಾಲಾಗಿ ಇಳೀತಾರೆ. ಕೈಯಲ್ಲಿ ಊಟದ ಡಬ್ಬಿ, ಕೊರಳಲ್ಲಿ ಗುರುತಿನ ಚೀಟಿ. ಗಾರ್ಮೆಂಟ್ಸಿಗೆ, ಅಪಾರ್ಟ್‌ಮೆಂಟುಗಳ ಹೌಸ್‌ಕೀಪಿಂಗಿಗೆ, ಮನೆಗೆಲಸಕ್ಕೆ ಹೋಗೋರು. ಅವತ್ತು ಅದೇ ಗುಂಪಲ್ಲಿ ನಮ್ಮೂರ ಅಕ್ಕ ಒಬ್ಬರು ಸಿಕ್ಕರು. ನಾನು ಚಿಕ್ಕವನಿದ್ದಾಗಿಂದ ನಮ್ಮ ಹೊಲದಲ್ಲಿ ಕಳೆ ತೆಗೆದವರು, ಕೊಯ್ಲಿಗೆ ಬಂದವರು. ಊರ ಕಾಲೋನಿಯವರು, ಸ್ವಂತ ಜಮೀನಿಲ್ಲ.

"ಅಕ್ಕ, ಕಳೆಗೆ ಯಾರೂ ಬರಾಕಿಲ್ವಂತಲ್ಲ, ನಮ್ಮ ಹುಡುಗ ಗೋಳಾಡ್ತಾವ್ನೆ" ಅಂದೆ.

"ಎಷ್ಟು ಕೊಟ್ಟಾನಂತೆ?" ಅಂದರು.

"ಮುನ್ನೂರೈವತ್ತು."

ಅಕ್ಕ ನಕ್ಕರು. ಬೇಜಾರಿನ ನಗು ಅಲ್ಲ, ಲೆಕ್ಕ ಗೊತ್ತಿರೋರ ನಗು. "ವರ್ಷಕ್ಕೆ ಎಷ್ಟು ದಿನ ಕೊಟ್ಟಾನು? ಕಳೆಗೆ ಒಂದು ಹದಿನೈದು ದಿನ, ಕುಯ್ಲಿಗೆ ಒಂದು ಹದಿನೈದು ದಿನ. ಮಿಕ್ಕಿದ್ ದಿನಕ್ಕೆ ನನ್ ಮಕ್ಕಳು ಏನ್ ತಿನ್ನಾದು? ಇಲ್ಲಿ ತಿಂಗಳಿಗೆ ಹದಿಮೂರು ಸಾವಿರ, ಪಿಎಫ್ ಹಿಡೀತಾರೆ, ಭಾನುವಾರ ರಜ. ಮೊದ್ಲೂ ಬರಬೋದಿತ್ತು ಕಣಪ್ಪ, ಬಸ್ ಚಾರ್ಜಿಗೇ ದಿನಕ್ಕೆ ನೂರು ದಾಟೋದು. ಈಗ ಅದಿಲ್ಲ." ಹೊರಟವರು ನಿಂತು ಇನ್ನೊಂದು ಮಾತು ಸೇರಿಸಿದರು: "ನಿಮ್ ಚಿಕ್ಕಪ್ಪನ್ ಮನೇಲಿ ಕಾಪಿ ಕೊಡೋ ಲೋಟ ಇನ್ನೂ ಬೇರೇನೇ ಅದೆ. ಇಲ್ಲಿ ಮಿಷಿನ್ ಟೀ, ಎಲ್ಲಾರ್ಗೂ ಒಂದೇ."

ಗೆಳೆಯರೇ, ನನ್ನ ತಮ್ಮನ ಮಾತಲ್ಲಿ ಅರ್ಧ ನಿಜ ಇದೆ ಅಂತ ನನಗೆ ಗೊತ್ತಾಗಿದ್ದು ಅಲ್ಲೇ. ಶಕ್ತಿ ಯೋಜನೆ ಶುರುವಾಗಿದ್ದು 2023ರ ಜೂನ್ 11ಕ್ಕೆ. ಅದರಿಂದ ನಮ್ಮ ಹೊಲದ ಆಳು ಹೋಗಿದ್ದು ನಿಜ. ಆದರೆ ಅವರು ಮಲಗೋಕೆ ಹೋಗಲಿಲ್ಲ. ಬೆಳಿಗ್ಗೆ ನಾಲ್ಕೂವರೆಗೆ ಎದ್ದು, ಅಡುಗೆ ಮಾಡಿ, ಐವತ್ತು ಕಿಲೋಮೀಟರು ಬಸ್ಸಲ್ಲಿ ಬಂದು, ಹನ್ನೆರಡು ಮಹಡಿ ಗುಡಿಸಿ ಒರೆಸಿ, ಸಂಜೆ ಏಳಕ್ಕೆ ಮತ್ತೆ ಊರು ಸೇರ್ತಾರೆ. ಇದಕ್ಕೆ ಸೋಮಾರಿತನ ಅಂತ ಹೆಸರಿಟ್ಟರೆ ದುಡಿಮೆಗೆ ಏನಂತ ಕರೆಯೋದು?

ಸರಿ, ಬಸ್ಸಿನ ಮಾತು ಬಿಡಿ. ಊರಲ್ಲೇ ಉಳಿದವರ ಲೆಕ್ಕ ನೋಡೋಣ. ಫೋನಲ್ಲಿ ಕ್ಯಾಲ್ಕುಲೇಟರ್ ಇದೆಯಲ್ಲ, ನೀವೂ ತೆಗೀರಿ.

ಅನ್ನಭಾಗ್ಯದಲ್ಲಿ 2025ರಲ್ಲಿ ಒಬ್ಬರಿಗೆ ತಿಂಗಳಿಗೆ 10 ಕೆಜಿ ಅಕ್ಕಿ ಇತ್ತು. ನಾಲ್ಕು ಜನರ ಮನೆಗೆ 40 ಕೆಜಿ. ಹೆಚ್ಚುವರಿ ಅಕ್ಕಿ ಸಿಗದೆ ಸರ್ಕಾರ ಅದರ ಬದಲು ಹಣ ಹಾಕ್ತಿದ್ದಾಗ ಕೆಜಿಗೆ 34 ರೂಪಾಯಿ ಹಿಡಿದಿತ್ತು. ಆ ದರದಲ್ಲಿ 1,360 ರೂಪಾಯಿ. ಗೃಹಲಕ್ಷ್ಮಿ 2,000. ಒಟ್ಟು 3,360. ನನ್ನ ತಮ್ಮ ಕೊಡ್ತೀನಿ ಅನ್ನೋ ಕೂಲಿಯಲ್ಲಿ ಇದು ಹತ್ತು ದಿನದ್ದೂ ಪೂರ್ತಿ ಆಗಲ್ಲ. ಎಣ್ಣೆ, ಬೇಳೆ, ಮಕ್ಕಳ ಫೀಸು, ಔಷಧಿ, ಸಂಘದ ವಾರದ ಕಂತು ಎಲ್ಲಾ ಮಿಕ್ಕ ಇಪ್ಪತ್ತು ದಿನದ ದುಡಿಮೆಯಿಂದಲೇ ಬರಬೇಕು. ಹತ್ತು ದಿನದ ಕೂಲಿ ಸಿಗುತ್ತೆ ಅಂತ ತಿಂಗಳು ಪೂರ್ತಿ ಮಲಗೋ ಮನೆ ಯಾವುದಾದರೂ ನಿಮ್ಮೂರಲ್ಲಿದ್ದರೆ ಹೇಳಿ. ಇದ್ದರೂ ಒಂದಿರಬಹುದು. ಕುಡಿದು ಮಲಗೋನು ಅನ್ನಭಾಗ್ಯಕ್ಕೆ ಮುಂಚೆಯೂ ಮಲಗ್ತಿದ್ದ.

ಹಾಗಾದರೆ ಬದಲಾಗಿದ್ದೇನು? ನನ್ನ ಪ್ರಕಾರ ಬದಲಾಗಿದ್ದು ಒಂದೇ. ಆ ಹತ್ತು ದಿನದ ಆಸರೆ ಇರೋದರಿಂದ ಅವರಿಗೆ ಈಗ "ಆಗಲ್ಲ" ಅನ್ನೋ ಧೈರ್ಯ ಬಂದಿದೆ. ಮೊದಲು ಹಾಗಿರಲಿಲ್ಲ. ಮನೇಲಿ ಹಿಟ್ಟು ಮುಗಿದಿದ್ದರೆ ಇನ್ನೂರಕ್ಕೂ ಬರಬೇಕಿತ್ತು, ಮುಂಗಡ ಇಸ್ಕೊಂಡಿದ್ದರೆ ಕರೆದಾಗೆಲ್ಲಾ ಬರಬೇಕಿತ್ತು. ನಮಗೆ ಆಳು ಸುಲಭವಾಗಿ ಸಿಗ್ತಿದ್ದಿದ್ದು ಅವರ ಹಸಿವಿನ ದೆಸೆಯಿಂದ. ಈ ಮಾತು ಬರೆಯೋಕೆ ನನಗೂ ಖುಷಿ ಇಲ್ಲ, ಯಾಕೆಂದರೆ ಆ ಆಳಿನ ದುಡಿಮೆಯಲ್ಲೇ ನನ್ನ ಕಾಲೇಜು ಫೀಸು ಕಟ್ಟಿದ್ದು.

'ಬಿಟ್ಟಿ' ಅನ್ನೋ ಪದವನ್ನೇ ನೋಡಿ. ನಮ್ಮಜ್ಜಂದಿರ ಕಾಲದಲ್ಲಿ ಬಿಟ್ಟಿ ಅಂದರೆ ಪುಕ್ಕಟೆ ತಿನ್ನೋದಾಗಿರಲಿಲ್ಲ. ಬಿಟ್ಟಿ ಚಾಕರಿ ಅಂದರೆ ಕೂಲಿ ಇಲ್ಲದೆ ದುಡಿಸಿಕೊಳ್ಳೋದು. ಗೌಡರ ಮನೆ ಸೌದೆ ಒಡಿ, ಪಟೇಲರ ಹೊಲ ಉಳು, ದೊಡ್ಡವರ ಮನೆ ಮದುವೆಗೆ ಚಪ್ಪರ ಹಾಕು, ಕಾಸು ಕೇಳಬೇಡ. ಜೀತ ಪದ್ಧತಿ ರದ್ದಾಗಿದ್ದು ಮೊನ್ನೆ ಮೊನ್ನೆ, ಕಾನೂನು 1976ರದ್ದು. ಹಾಗೆ ತಲೆತಲಾಂತರ ಬಿಟ್ಟಿ ಮಾಡಿಕೊಟ್ಟವರ ಮೊಮ್ಮಕ್ಕಳನ್ನೇ ಇವತ್ತು 'ಬಿಟ್ಟಿ ತಿನ್ನೋರು' ಅಂತಿದ್ದೀವಿ.

ಈಗ ನಮ್ಮ ಮನೆ ಲೆಕ್ಕಕ್ಕೆ ಬರೋಣ. ನನ್ನ ತಮ್ಮನಿಗೆ ಸಿಟ್ಟು ಬರೋದು ಇಲ್ಲೇ, ನಿಮಗೂ ಬರಬಹುದು. ಆದರೂ ಓದಿ.

ನಮ್ಮ ಬೋರ್‌ವೆಲ್ ಮೋಟಾರ್ ಏಳೂವರೆ ಎಚ್‌ಪಿ. ರಾಜ್ಯದಲ್ಲಿ 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಕರೆಂಟ್ ಉಚಿತ, 2008ರಿಂದ. ಸೊಸೈಟಿಯಲ್ಲಿ ಬೆಳೆ ಸಾಲಕ್ಕೆ ಬಡ್ಡಿ ಸೊನ್ನೆ. ಅದರ ಮಿತಿಯನ್ನು 2023ರ ಬಜೆಟ್ಟಲ್ಲಿ 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿದರು. ಡೇರಿಗೆ ಹಾಕೋ ಹಾಲಿಗೆ ಲೀಟರಿಗೆ 5 ರೂಪಾಯಿ ಪ್ರೋತ್ಸಾಹಧನ. ಪಿಎಂ ಕಿಸಾನ್ ವರ್ಷಕ್ಕೆ 6,000. ಯೂರಿಯಾ 45 ಕೆಜಿ ಮೂಟೆ 266 ರೂಪಾಯಿ ಚಿಲ್ಲರೆಗೆ ಸಿಗೋದು ಸರ್ಕಾರ ಅದಕ್ಕಿಂತ ಎಷ್ಟೋ ಪಟ್ಟು ಹಣ ಕಂಪನಿಗೆ ಕಟ್ಟೋದರಿಂದ. ಇದ್ಯಾವುದನ್ನೂ ನಾವು ಬಿಟ್ಟಿ ಅನ್ನಲ್ಲ. ಬೆಂಬಲ ಅಂತೀವಿ, ಹಕ್ಕು ಅಂತೀವಿ. ಸರಿಯಾಗೇ ಅಂತೀವಿ. ಇವು ಇಲ್ಲದಿದ್ದರೆ ನನ್ನ ತಮ್ಮ ಒಂದು ವರ್ಷವೂ ಊರಲ್ಲಿ ನಿಲ್ತಿರಲಿಲ್ಲ. ಆದರೆ ನಮಗೆ ಹಕ್ಕಾಗಿದ್ದು ಕಾಲೋನಿಯ ಅಕ್ಕನಿಗೆ ಭಿಕ್ಷೆ ಆಗೋದು ಹೇಗೆ? ಗಮನಿಸಿ, ಈ ಪಟ್ಟಿಯಲ್ಲಿ ಬಹುತೇಕ ಎಲ್ಲಕ್ಕೂ ಪಹಣಿ ಬೇಕು. ಪಹಣಿ ಇಲ್ಲದವರಿಗೆ ಪಿಎಂ ಕಿಸಾನ್ ಇಲ್ಲ, ಸೊಸೈಟಿಯ ಬೆಳೆ ಸಾಲ ಇಲ್ಲ. ವಾರಕ್ಕೆ, ಗುತ್ತಿಗೆಗೆ ಬೇರೆಯವರ ಹೊಲ ಮಾಡೋ ಹುಡುಗರು ನಿಮ್ಮಲ್ಲೂ ಇದ್ದೀರಿ. ಬೆಳೆ ಹೋದಾಗ ಪರಿಹಾರ ಯಾರ ಖಾತೆಗೆ ಬೀಳುತ್ತೆ ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಆ ಪಹಣಿ ನಮಗಾದರೂ ಎಲ್ಲಿಂದ ಬಂತು? ನಮ್ಮ ತಾತ ಆ ಎರಡು ಎಕರೆಗೆ ಗೇಣಿದಾರ. ಒಕ್ಕಣೆ ದಿನ ಧಣಿ ಕಡೆಯವರು ಬಂದು ಕಣದಲ್ಲೇ ಅರ್ಧ ಅಳೆದುಕೊಂಡು ಹೋಗ್ತಿದ್ದರಂತೆ. ದೇವರಾಜ ಅರಸು ಕಾಲದಲ್ಲಿ ಭೂಸುಧಾರಣೆ ಕಾಯ್ದೆಗೆ ತಿದ್ದುಪಡಿ ಬಂದು, 1974ರ ಮಾರ್ಚ್ 1ರಿಂದ ಗೇಣಿ ಜಮೀನೆಲ್ಲಾ ಸರ್ಕಾರಕ್ಕೆ ಸೇರಿತು. ತಾತ 7ನೇ ನಂಬರ್ ಫಾರಂ ಹಾಕಿದರು, ಭೂ ನ್ಯಾಯಮಂಡಳಿ ಮುಂದೆ ನಿಂತರು, ಜಮೀನು ಹೆಸರಿಗಾಯ್ತು. ಅವತ್ತು ಧಣಿಗಳ ಜಗಲಿ ಮೇಲೆ ಏನು ಮಾತಾಡಿರ್ತಾರೆ? "ಬಿಟ್ಟಿ ಜಮೀನು ಸಿಕ್ತು, ಇನ್ನು ಇವನು ಮೈ ಬಗ್ಗಿಸ್ತಾನಾ" ಅಂತಲೇ ಇರಬೇಕು. ತಾತ ಮೈ ಬಗ್ಗಿಸಿದ್ದರಿಂದಲೇ ಇವತ್ತು ನಾನು ಕೂತು ಬರೀತಿರೋದು. ಅದೇ ಹೊಲದಲ್ಲಿ ದುಡಿದ ಕಾಲೋನಿಯವರು ಗೇಣಿದಾರರಾಗಿರಲಿಲ್ಲ, ಬರೀ ಆಳುಗಳು. ಹಾಗಾಗಿ ಅವರಿಗೆ ಆ ಕಾಯ್ದೆಯಲ್ಲಿ ಒಂದು ಗುಂಟೆಯೂ ಬರಲಿಲ್ಲ. ಅವರಿಗೆ ಐವತ್ತು ವರ್ಷ ಆದಮೇಲೆ ಬಂದಿದ್ದು ಒಂದು ಬಸ್ ಟಿಕೆಟ್ ಮತ್ತು ಎರಡು ಸಾವಿರ.

ಬೆಂಗಳೂರಲ್ಲಿ ಕೂತು ನೋಡಿದರೆ ಇನ್ನೊಂದು ತಮಾಷೆ ಕಾಣುತ್ತೆ. ನಮ್ಮ ಬೀದಿಯ ಮೆಟ್ರೋ 2015ರಲ್ಲಿ ಶುರುವಾಯ್ತು, ಆಮೇಲೆ ಕೆಂಗೇರಿವರೆಗೂ ಹೋಯ್ತು. ಸಾವಿರಾರು ಕೋಟಿ ಸರ್ಕಾರದ ದುಡ್ಡು. ನಾನು ಎಸಿಯಲ್ಲಿ ಕೂತು ಹೋಗ್ತೀನಿ. ಅದಕ್ಕೆ ಯಾರೂ ಬಿಟ್ಟಿ ಅನ್ನಲ್ಲ, ಮೂಲಸೌಕರ್ಯ ಅಂತಾರೆ. 2019ರ ಸೆಪ್ಟೆಂಬರಲ್ಲಿ ಕೇಂದ್ರ ಸರ್ಕಾರ ಕಂಪನಿಗಳ ತೆರಿಗೆಯನ್ನು ಶೇ 30ರಿಂದ 22ಕ್ಕೆ ಇಳಿಸಿತು. ವರ್ಷಕ್ಕೆ 1 ಲಕ್ಷ 45 ಸಾವಿರ ಕೋಟಿ ಆದಾಯ ಬಿಡ್ತಿದ್ದೀವಿ ಅಂತ ಅವತ್ತು ಸರ್ಕಾರವೇ ಹೇಳಿತು. ಅದಕ್ಕಿಟ್ಟ ಹೆಸರು ಉತ್ತೇಜನ. ಕರ್ನಾಟಕದ ಐದೂ ಗ್ಯಾರಂಟಿಗೆ 2025-26ರ ಬಜೆಟ್ಟಲ್ಲಿ ಇಟ್ಟಿರೋದು ಸುಮಾರು 51 ಸಾವಿರ ಕೋಟಿ. ಒಂದು ಇಡೀ ದೇಶದ್ದು, ಇನ್ನೊಂದು ಒಂದು ರಾಜ್ಯದ್ದು, ಹೋಲಿಕೆ ಸರಿಸಮ ಅಲ್ಲ ಅಂತ ಒಪ್ತೀನಿ. ನಾನು ಕೇಳ್ತಿರೋದು ಹೆಸರಿನ ವಿಷಯ. ಮೇಲಿನವರಿಗೆ ಕೊಟ್ಟರೆ ಉತ್ತೇಜನ, ಕೆಳಗಿನವರಿಗೆ ಕೊಟ್ಟರೆ ಬಿಟ್ಟಿ. "ನಮ್ಮ ತೆರಿಗೆ ಹಣ" ಅಂತ ಎದೆ ತಟ್ಟಿಕೊಳ್ಳೋರು ಇದನ್ನೂ ನೋಡಬೇಕು: ಮೊಬೈಲ್ ರೀಚಾರ್ಜಿಗೆ ಅಪಾರ್ಟ್‌ಮೆಂಟಿನ ಯಜಮಾನರು ಕಟ್ಟೋದು ಶೇ 18 ಜಿಎಸ್‌ಟಿ, ಅದರ ಮಹಡಿ ಒರೆಸೋ ಅಕ್ಕ ಕಟ್ಟೋದೂ ಶೇ 18.

(ಮೆಟ್ರೋ ಪಕ್ಕದಲ್ಲೇ ವೃಷಭಾವತಿ ಹರಿಯುತ್ತೆ. ಹರಿಯುತ್ತೆ ಅನ್ನೋದು ಮರ್ಯಾದೆಯ ಮಾತು. ನಮ್ಮ ಬೀದಿಯ ಕೊಳಚೆ ಅದರಲ್ಲಿ ಸೇರಿ ಬಿಡದಿ ಹತ್ತಿರ ಬೈರಮಂಗಲ ಕೆರೆಗೆ ಹೋಗುತ್ತೆ, ಅಲ್ಲಿನ ರೈತರ ಗದ್ದೆಗೆ ಹೋಗುತ್ತೆ. ಸಂಪತ್ತು ಈ ಕಡೆ, ನೊರೆ ಆ ಕಡೆ. ಇದರ ಬಗ್ಗೆ ಬೇರೆಯಾಗೇ ಬರೀಬೇಕು.)

ಗ್ಯಾರಂಟಿಗಳಲ್ಲಿ ತಪ್ಪಿಲ್ಲ ಅಂತ ನಾನು ಹೇಳ್ತಿಲ್ಲ. ಗೃಹಲಕ್ಷ್ಮಿ ಹಣ ತಿಂಗಳುಗಟ್ಟಲೆ ತಡವಾಗುತ್ತೆ, ಒಂದು ತಿಂಗಳಿನದು ಯಾವಾಗ ಬರುತ್ತೆ ಅಂತ ಯಾರಿಗೂ ತಿಳಿಯಲ್ಲ. ಬಸ್ ಉಚಿತ, ಆದರೆ ಒಳಗಿನ ಹಳ್ಳಿಗಳಿಗೆ ಬಸ್ಸೇ ಸಾಲದು. ಶಾಲೆ ಮಕ್ಕಳು ಬಾಗಿಲಲ್ಲಿ ನೇತಾಡ್ತಾರೆ. ಪರಿಶಿಷ್ಟರಿಗೆ ಅಂತ 2013ರ ಕಾಯ್ದೆ ಮಾಡಿ ಮೀಸಲಿಟ್ಟ ಹಣದಲ್ಲಿ ಒಂದು ಪಾಲನ್ನು ಗ್ಯಾರಂಟಿಗೆ ತೆಗೆದಿದ್ದು ನನಗೆ ಯಾವ ರೀತಿಯಲ್ಲೂ ಸರಿ ಕಾಣಲ್ಲ. ಅದು ಎಡಗೈಲಿ ಕೊಟ್ಟು ಬಲಗೈಲಿ ಕಿತ್ಕೊಂಡ ಹಾಗೆ. ಇನ್ನೊಂದು ಕಡೆ 2020ರಲ್ಲಿ ಭೂಸುಧಾರಣೆ ಕಾಯ್ದೆಯ 79ಎ, 79ಬಿ ಕಲಂ ತೆಗೆದು, ಬೇಸಾಯ ಮಾಡದವರೂ ಕೃಷಿ ಜಮೀನು ಕೊಳ್ಳಬಹುದು ಅಂತ ಮಾಡಿದರು. ಮೈಸೂರು ರಸ್ತೆ ಎರಡೂ ಕಡೆ ತಂತಿಬೇಲಿ ಹಾಕಿದ ಫಾರ್ಮ್‌ಹೌಸ್‌ಗಳನ್ನು ನೀವೇ ನೋಡಿದ್ದೀರಿ. ಆ ರೇಟಲ್ಲಿ ನನ್ನ ತಮ್ಮ ಇನ್ನು ಹತ್ತು ಜನ್ಮ ಎತ್ತಿದರೂ ಅರ್ಧ ಎಕರೆ ಸೇರಿಸೋಕೆ ಆಗಲ್ಲ. ಅವನ ಬೇಸಾಯಕ್ಕೆ ಕುತ್ತು ತರೋದು ಇದು. ಅಕ್ಕನ ಅಕ್ಕಿ ಅಲ್ಲ.

ಆದರೂ ಅವನ ಕಷ್ಟ ಸುಳ್ಳಲ್ಲ. ಐನೂರು ಕೊಡು ಅಂದರೆ ಎಲ್ಲಿಂದ ತರ್ತಾನೆ? ಅದನ್ನೂ ಲೆಕ್ಕ ಹಾಕಿದ್ವಿ, ಫೋನಲ್ಲೇ, ಇಬ್ಬರೂ ಕೂತು.

ನಮ್ಮದು ಮಳೆ ಆಶ್ರಯದ ರಾಗಿ. ಒಳ್ಳೇ ವರ್ಷ ಎಕರೆಗೆ 9 ಕ್ವಿಂಟಲ್. ಎರಡು ಸಲ ಕಳೆ, ಸಲಕ್ಕೆ 12 ಆಳು, ಒಟ್ಟು 24. ಮುನ್ನೂರೈವತ್ತರಂತೆ 8,400 ರೂಪಾಯಿ, ಐನೂರರಂತೆ 12,000. ವ್ಯತ್ಯಾಸ 3,600. ಒಂಬತ್ತು ಕ್ವಿಂಟಲ್ ಮೇಲೆ ಹಂಚಿದರೆ ಕ್ವಿಂಟಲಿಗೆ 400 ರೂಪಾಯಿ. ರಾಗಿಯ ಬೆಂಬಲ ಬೆಲೆ 2024-25ರಲ್ಲಿ 4,290 ಇತ್ತು, 2025-26ಕ್ಕೆ 4,886 ಆಗಿದೆ. ಅಂದರೆ 596 ರೂಪಾಯಿ ಏರಿಕೆ. ಆ ಬೆಲೆ ನಿಜವಾಗಿ ಕೈಗೆ ಸಿಕ್ಕರೆ ಅಕ್ಕನಿಗೆ ಐನೂರು ಕೊಟ್ಟೂ ಅವನಿಗೆ ಉಳಿಯುತ್ತೆ. ಸಿಗದೇ ಇರೋದು ಖರೀದಿ ಕೇಂದ್ರ ತೆರೆಯೋಷ್ಟರಲ್ಲಿ ಸಾಲಗಾರರು ಬಾಗಿಲಿಗೆ ಬಂದಿರ್ತಾರೆ ಅಂತ, ನಾವು ಕಣದಲ್ಲೇ ವ್ಯಾಪಾರಿಗೆ ಅಳೆದುಬಿಡ್ತೀವಿ ಅಂತ. ಹೋರಾಡಬೇಕಾದ ಜಾಗ ಅದು. ಕೊಯ್ಲಿನ ಹೊತ್ತಿಗೇ ಕೇಂದ್ರ ತೆರೀರಿ, ಇಂತಿಷ್ಟೇ ಅನ್ನೋ ಮಿತಿ ಬೇಡ, ಹಣ ಬೇಗ ಹಾಕಿ ಅಂತ ಕೇಳಬೇಕು.

ಇನ್ನೊಂದು ವಿಷಯ ನನ್ನ ತಮ್ಮನಿಗೆ ಹೊಳೆದೇ ಇರಲಿಲ್ಲ. ಬೆಂಬಲ ಬೆಲೆಗೆ ಕೊಂಡ ರಾಗಿಯನ್ನು ಸರ್ಕಾರ ಏನು ಮಾಡುತ್ತೆ? ನಮ್ಮ ಕಡೆ ಜಿಲ್ಲೆಗಳ ನ್ಯಾಯಬೆಲೆ ಅಂಗಡಿಯಲ್ಲಿ ಪಡಿತರವಾಗಿ ಕೊಡುತ್ತೆ. ಅಂದರೆ ನಮ್ಮ ರಾಗಿಗೆ ಒಳ್ಳೇ ರೇಟು ಕೊಡೋ ದೊಡ್ಡ ಗಿರಾಕಿ ಅದೇ ಪಡಿತರ ಚೀಟಿ. "ರೇಷನ್ ನಿಲ್ಲಿಸಿ" ಅಂತ ಸ್ಟೇಟಸ್ ಹಾಕೋ ರಾಗಿ ರೈತ ತನ್ನ ಅಂಗಡಿಗೆ ತಾನೇ ಬೀಗ ಹಾಕಿದ ಹಾಗೆ. ಇದನ್ನು ಹೇಳಿದಾಗ ಅವನು ಸ್ವಲ್ಪ ಹೊತ್ತು ಸುಮ್ಮನಾದ. ಆಮೇಲೆ, "ಮೊದ್ಲೇ ಹೇಳಬಾರ್ದಾಗಿತ್ತಾ" ಅಂದ.

ಕೆಲಸದ ಮಾತು ಒಂದೆರಡು. ಖರೀದಿಗೆ ನೋಂದಾಯಿಸೋಕೆ ಫ್ರೂಟ್ಸ್ ಐಡಿ ಬೇಕು. ಎಲ್ಲಾ ಸರ್ವೆ ನಂಬರೂ ಅದಕ್ಕೆ ಸೇರಿದೆಯಾ ಅಂತ ಈಗಲೇ ನೋಡ್ಕೊಳ್ಳಿ, ಕೊಯ್ಲಿನ ಹೊತ್ತಿಗೆ ಸಾಲು ನಿಲ್ಲಬೇಡಿ. ನನ್ನ ತಮ್ಮ ಈ ಸಲ ರಾಗಿ ಎರಚಿದ್ದಾನೆ, ಅದಕ್ಕೇ ಕಳೆಗೆ ಅಷ್ಟು ಆಳು. ಕೂರಿಗೆಯಲ್ಲಿ ಸಾಲು ಬಿತ್ತಿದ್ದರೆ ಎಡೆಕುಂಟೆ ಹೊಡೆದು ಆಳು ಕಮ್ಮಿ ಮಾಡಬಹುದಿತ್ತು. ಬಿತ್ತೋ ಯಂತ್ರ ಸ್ವಂತ ಇಲ್ಲದಿದ್ದರೆ ಕೃಷಿ ಯಂತ್ರಧಾರೆ ಕೇಂದ್ರದಲ್ಲಿ ಬಾಡಿಗೆಗೆ ವಿಚಾರಿಸಿ. ಹೊಲದಲ್ಲಿ ಬದು, ಕೃಷಿಹೊಂಡ ಮಾಡಿಸೋಕೆ ನರೇಗಾದಲ್ಲಿ ಅರ್ಜಿ ಹಾಕಬಹುದಿತ್ತು. 2025-26ರಲ್ಲಿ ಕೂಲಿ ದಿನಕ್ಕೆ 370 ಅದರಿಂದಲೇ ಬರ್ತಿತ್ತು, ಗಂಡಸಿಗೂ ಹೆಂಗಸಿಗೂ ಒಂದೇ. ನಮ್ಮೂರಲ್ಲಿ ಗಂಡಾಳಿಗೆ ಆರುನೂರು, ಹೆಣ್ಣಾಳಿಗೆ ಮುನ್ನೂರೈವತ್ತು. ಇದಕ್ಕೆ ಕಾರಣ ಕೇಳಿದರೆ ಇವತ್ತಿಗೂ ಯಾರ ಬಾಯಲ್ಲೂ ಉತ್ತರ ಇಲ್ಲ. ಮುಯ್ಯಾಳು ಪದ್ಧತಿ ನಿಮ್ಮೂರಲ್ಲಿ ಇನ್ನೂ ಉಸಿರಾಡ್ತಿದ್ದರೆ ಬಿಡಬೇಡಿ, ನಿಮ್ಮ ವಾರಿಗೆಯ ನಾಲ್ಕು ಹುಡುಗರು ಸೇರಿದರೆ ಎರಡು ಎಕರೆ ಕಳೆ ಅಷ್ಟು ದೊಡ್ಡ ಮಾತಲ್ಲ. ಬಗ್ಗೋಕೆ ನಾಚಿಕೆ ಇರಬಾರದು, ಅಷ್ಟೇ.

ಮರುದಿನ ಬೆಳಿಗ್ಗೆ ಬಸ್ ಸ್ಟಾಪಲ್ಲಿ ಅಕ್ಕ ಮತ್ತೆ ಸಿಕ್ಕರು. ಭಾನುವಾರ ರಜ ಅಲ್ವಾ, ಒಂದು ದಿನ ಬರ್ತೀರಾ ಅಂತ ಕೇಳಿದೆ. ಸ್ವಲ್ಪ ಯೋಚನೆ ಮಾಡಿ, "ಇನ್ನೂ ಐದಾರು ಜನ ಕರ್ಕಂಡ್ ಬತ್ತೀನಿ. ಐನೂರು. ಲೋಟದ ಇಚಾರಾನೂ ಹೇಳು" ಅಂದರು. ಅವರು ಹೇಳಿದ ಹಾಗೇ ತಮ್ಮನಿಗೆ ಟೈಪ್ ಮಾಡಿ ಕಳಿಸಿದೆ, ಒಂದಕ್ಷರ ಬಿಡದೆ.

ಇವತ್ತು ಶನಿವಾರ ಮಧ್ಯಾಹ್ನ. ನೀಲಿ ಟಿಕ್ ಬಿದ್ದಿದೆ, ಉತ್ತರ ಇನ್ನೂ ಬಂದಿಲ್ಲ. ನಾನಂತೂ ಸಂಜೆ ಬಸ್ಸಿಗೆ ಊರಿಗೆ ಹೊರಟಿದ್ದೀನಿ.